‘ಪುಟ್ ಆಫ್’ ಅಂದರೆ ಪ್ರೊಜೆಕ್ಟರ್ ಆಫ್ ಮಾಡೋದಲ್ಲ

ಪ್ರಶ್ನೆ: ನಾನು ಹಾಸನದ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಮೀಟಿಂಗ್‌ನಲ್ಲಿ ಮ್ಯಾನೇಜರ್ ‘ಲೆಟ್ಸ್ ಪುಟ್ ದಿಸ್ ಆಫ್’ ಅಂದರು. ಪ್ರೊಜೆಕ್ಟರ್ ಪಕ್ಕ ಕೂತಿದ್ದವಳು ನಾನೇ. ಎದ್ದು ಆಫ್ ಮಾಡಿಬಿಟ್ಟೆ. ಎಲ್ಲರೂ ನಕ್ಕರು. ಆಮೇಲೆ ಅವೆನ್ಯೂ ರಸ್ತೆಯಿಂದ ಸಾವಿರ ಇಡಿಯಮ್‌ಗಳ ಒಂದು ಪುಸ್ತಕ ತಂದು ದಿನಕ್ಕೆ ಹತ್ತರ ಹಾಗೆ ಬಾಯಿಪಾಠ ಮಾಡುತ್ತಿದ್ದೇನೆ. ಒಂದೂ ತಲೆಯಲ್ಲಿ ನಿಲ್ಲುತ್ತಿಲ್ಲ. ಇವನ್ನು ಕಲಿಯೋದು ಹೇಗೆ? ಇಡಿಯಮ್ ಹಾಕಿ ಮಾತಾಡದಿದ್ದರೆ ಇಂಗ್ಲಿಷ್ ಬಂದ ಹಾಗಲ್ಲ ಅಂತಾರೆ, ನಿಜನಾ? ಇನ್ನೊಂದು ಸಣ್ಣ ವಿಷಯ. ಕಂಪನಿಯ ಪ್ರೊಫೈಲ್‌ನಲ್ಲಿ ‘ಐ ಪಾಸ್ಡ್ ಔಟ್ ಇನ್ 2021’ ಅಂತ ಬರೆದಿದ್ದೆ. ಲಂಡನ್ ಆಫೀಸಿನವರೊಬ್ಬರು ನೋಡಿ ನಕ್ಕರಂತೆ. ಅದರಲ್ಲೇನು ತಪ್ಪು?

ಉತ್ತರ: ಮೊದಲು ಆ ಪ್ರೊಜೆಕ್ಟರ್ ವಿಷಯ. ನೀವು ಮಾಡಿದ್ದು ದಡ್ಡತನ ಅಲ್ಲ, ಅಪ್ಪಟ ಕನ್ನಡದ ಲೆಕ್ಕಾಚಾರ. ನಮಗೆ ‘ಆಫ್’ ಈಗ ಕನ್ನಡದ್ದೇ ಪದ. ಲೈಟ್ ಆಫ್ ಮಾಡು, ಗ್ಯಾಸ್ ಆಫ್ ಮಾಡು, ಮೋಟರ್ ಆಫ್ ಮಾಡು. ಕನ್ನಡ ಆ ಪದವನ್ನು ಎತ್ತಿಕೊಂಡು, ಅದಕ್ಕೊಂದು ‘ಮಾಡು’ ಅಂಟಿಸಿ, ಆರಿಸೋದು ಅನ್ನುವ ಒಂದೇ ಅರ್ಥ ಕೊಟ್ಟು ಕೂರಿಸಿದೆ. ಇಂಗ್ಲಿಷ್‌ನಲ್ಲಿ ‘ಆಫ್’ ಅಂದರೆ ಇದ್ದ ಜಾಗದಿಂದ ಬೇರೆಯಾಗೋದು, ದೂರ ಸರಿಯೋದು. ಟೋಪಿ ತಲೆಯಿಂದ ಬೇರೆಯಾದರೆ ಟೇಕ್ ಆಫ್, ವಿಮಾನ ನೆಲದಿಂದ ಬೇರೆಯಾದರೂ ಟೇಕ್ ಆಫ್. ಊರಿಗೆ ಹೊರಟ ಅಮ್ಮನನ್ನು ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿಸಿ ಕೈ ಬೀಸಿ ಬಂದರೆ ಸೀ ಆಫ್. ಕೆಲಸದಿಂದ ಬೇರೆ ಮಾಡಿದರೆ ಲೇ ಆಫ್, ಅದು ಈ ಊರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇವತ್ತಿನ ಕೆಲಸವನ್ನು ಇವತ್ತಿನಿಂದ ಕಿತ್ತು ಇನ್ನೊಂದು ದಿನಕ್ಕೆ ಸರಿಸಿದರೆ ಪುಟ್ ಆಫ್. ನಾವು ‘ಮುಂದಕ್ಕೆ ಹಾಕು’ ಅಂತೀವಲ್ಲ, ಅದೇ. ಪುಟ್ ಅಂದರೆ ಹಾಕು ಅಂತ ಮೂರನೇ ಕ್ಲಾಸಿನಲ್ಲಿ ಕಲಿತಿದ್ದೀರಿ, ಅದು ಸುಳ್ಳಾಗಲಿಲ್ಲ ನೋಡಿ.

ಹಾಗಂತ ‘ಆಫ್ ಅಂದರೆ ಬೇರೆಯಾಗೋದು’ ಅಂತ ಇದನ್ನೇ ಸೂತ್ರ ಮಾಡಿಕೊಂಡು ಹೊರಟರೆ ನಾಳೆ ಬೆಳಿಗ್ಗೆಯೇ ಎಡವುತ್ತೀರಿ. ‘ದಿ ಲೈಟ್ಸ್ ವೆಂಟ್ ಆಫ್’ ಅಂದರೆ ದೀಪ ಆರಿತು. ‘ದಿ ಅಲಾರ್ಮ್ ವೆಂಟ್ ಆಫ್’ ಅಂದರೆ ಅಲಾರಂ ಹೊಡೆದುಕೊಂಡಿತು! ಒಂದೇ ಮಾತು, ಒಂದರಲ್ಲಿ ನಿಲ್ಲೋದು, ಇನ್ನೊಂದರಲ್ಲಿ ಶುರುವಾಗೋದು. ಸೂತ್ರಗಳು ಊರುಗೋಲಿನ ಹಾಗೆ, ಸ್ವಲ್ಪ ದೂರ ನಡೆಸುತ್ತವೆ ಅಷ್ಟೇ.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ, ಯಾಕೆ ತಲೆಯಲ್ಲಿ ನಿಲ್ಲುತ್ತಿಲ್ಲ ಅನ್ನೋದು. ಅದಕ್ಕೆ ಉತ್ತರ ನನಗೆ ಹೊಳೆದದ್ದು ಇಂಗ್ಲಿಷ್ ಪಾಠ ಮಾಡುವಾಗ ಅಲ್ಲ, ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ. ಎರಡನೇ ಮಹಡಿಯಲ್ಲಿ ಲಖನೌ ಕಡೆಯ ಒಬ್ಬ ಹುಡುಗ ಇದ್ದಾನೆ. ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದಾನೆ, ಜೇಬಿನಲ್ಲೇ ಒಂದು ಪುಟ್ಟ ನೋಟ್‌ಬುಕ್. ಒಂದು ದಿನ ಮನೆ ಓನರ್ ಆಂಟಿ ಅವನಿಗೆ ‘ಇವತ್ತೂ ಕೆಲಸದವಳು ಕೈ ಕೊಟ್ಟಳು ಕಣಪ್ಪ’ ಅಂದರು. ಅವನು ಖುಷಿಯಿಂದ ‘ತುಂಬಾ ಒಳ್ಳೇದಾಯ್ತು ಆಂಟಿ’ ಅಂದ. ಆಂಟಿ ಮುಖ ನೋಡಬೇಕಿತ್ತು. ಅವನ ತಪ್ಪೇನೂ ಇಲ್ಲ. ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಅಲ್ಲಿ ‘ಗಿವ್ ಎ ಹ್ಯಾಂಡ್’ ಅಂದರೆ ಸಹಾಯ ಮಾಡೋದು. ಕನ್ನಡದಲ್ಲಿ ಅದೇ ಎರಡು ಪದ ಸೇರಿದರೆ ಪೂರ್ತಿ ಉಲ್ಟಾ. ಆಮೇಲೆ ಅವನು ನೋಟ್‌ಬುಕ್ ತೆಗೆದು ನನ್ನ ಮುಂದೆ ಹಿಡಿದ. ಕೈ ಕೊಡು, ಕೈ ಹಿಡಿ, ಕೈ ಬಿಡು, ಕೈ ಹಾಕು, ಕೈ ಎತ್ತು, ಕೈ ತೊಳೆದುಕೊ. ‘ಸರ್, ಇಷ್ಟನ್ನೆಲ್ಲ ನೀವು ಹೇಗೆ ನೆನಪಿಟ್ಟುಕೊಂಡಿರಿ?’ ಅಂತ ಕೇಳಿದ.

ನಾನು ನೆನಪಿಟ್ಟುಕೊಂಡೇ ಇಲ್ಲವಲ್ಲ! ಚಿಕ್ಕಪ್ಪನ ಪಾರ್ಟ್ನರ್ ಕೈ ಕೊಟ್ಟ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ, ಅದು ನೆನಪಿದೆ. ‘ಸುಮ್ನೆ ಇಲ್ಲದ ಕೆಲಸಕ್ಕೆ ಕೈ ಹಾಕಬೇಡ’ ಅಂತ ಅಪ್ಪ ರೇಡಿಯೋ ಬಿಚ್ಚಿ ಕೂತಿದ್ದ ಅಣ್ಣನಿಗೆ ಬೈದದ್ದು ನೆನಪಿದೆ. ಮಾತು ಬಂದದ್ದು ಆ ಸಂದರ್ಭದ ಬಾಲ ಹಿಡಿದುಕೊಂಡು. ನಿಮ್ಮ ಪುಸ್ತಕದಲ್ಲಿ ಸಂದರ್ಭವೇ ಇಲ್ಲ. ಎಡಗಡೆ ಇಂಗ್ಲಿಷ್, ಬಲಗಡೆ ಅರ್ಥ, ಮಧ್ಯೆ ಒಂದು ಗೆರೆ. ಹಾಗೆ ಕೊಟ್ಟರೆ ಕನ್ನಡದ ಇಡಿಯಮ್ಮೂ ನಿಮ್ಮ ತಲೆಯಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಭಯವನ್ನೂ ಇಲ್ಲೇ ತೆಗೆದುಬಿಡೋಣ. ‘ಒಂದು ಪುಟ್‌ಗೆ ಇಷ್ಟೊಂದು ಅರ್ಥನಾ, ಒಂದು ಗೆಟ್‌ಗೆ ಇಷ್ಟೊಂದಾ’ ಅಂತ ನನ್ನ ಕ್ಲಾಸಿಗೆ ಬರುವ ಎಲ್ಲರೂ ಗೋಳಾಡುತ್ತಾರೆ. ನಮ್ಮ ‘ಹಾಕು’ ಏನು ಕಡಿಮೆಯೇ? ಬಟ್ಟೆ ಹಾಕು, ಬೀಗ ಹಾಕು, ಸಕ್ಕರೆ ಹಾಕು, ರಂಗೋಲಿ ಹಾಕು, ಓಟು ಹಾಕು, ಫ್ಯಾನ್ ಹಾಕು, ಸೈನ್ ಹಾಕು, ಟೋಪಿ ಹಾಕು. ಕೊನೆಯದನ್ನು ಅಂಗಡಿಯವನು ಮಾಡಿದರೆ ಒಂದು ಅರ್ಥ, ಅಜ್ಜಿ ಮಗುವಿಗೆ ಮಾಡಿದರೆ ಇನ್ನೊಂದು. ಅಷ್ಟೇ ಅಲ್ಲ, ಕ್ರಿಯಾಪದದ ಹಿಂದೆ ಒಂದು ಸಣ್ಣ ಪದ ಅಂಟಿಸಿ ಅರ್ಥ ತಿರುಗಿಸುವ ಆಟವೂ ನಮಗೆ ಹೊಸದಲ್ಲ. ಹೇಳು ಅನ್ನೋದನ್ನೇ ತಗೊಳ್ಳಿ. ಹೇಳಿಬಿಡು ಅಂದರೆ ಒಳಗಿದ್ದದ್ದನ್ನು ಹೊರಹಾಕಿ ಮುಗಿಸು. ಹೇಳಿಕೊ ಅಂದರೆ ಮನಸ್ಸು ಹಗುರ ಮಾಡಿಕೊ. ಹೇಳಿಕೊಡು ಅಂದರೆ ಕಲಿಸು. ಹೇಳಿನೋಡು ಅಂದರೆ ಪ್ರಯತ್ನ ಮಾಡು, ಅವನು ಕೇಳುವ ಗ್ಯಾರಂಟಿ ಇಲ್ಲ. ಹೇಳಿಕಳಿಸು ಅಂದರೆ ಬರಲು ಹೇಳಿ ಜನ ಕಳಿಸು. ಇಂಗ್ಲಿಷ್‌ನವರು ಬಿಡು, ಕೊಡು, ನೋಡು ಬದಲು ಅಪ್, ಔಟ್, ಆಫ್ ಇಟ್ಟುಕೊಂಡಿದ್ದಾರೆ. ‘ಈಟ್ ಅಪ್’ ಅಂದರೆ ತಿಂದುಬಿಡು. ಸುಮ್ಮನೆ ಈಟ್ ಅಂದರೆ ತಿನ್ನು, ತಟ್ಟೆಯಲ್ಲಿ ಉಳಿದರೂ ಉಳಿಯಿತು. ಅಪ್ ಬಂದರೆ ತಟ್ಟೆ ಖಾಲಿ. ‘ಟೇರ್ ಅಪ್’ ಅಂದರೆ ಹರಿದುಹಾಕು. ‘ರನ್ ಅವೇ’ ಅಂದರೆ ಓಡಿಹೋಗು. ಹರಿ ಮತ್ತು ಹರಿದುಹಾಕು ನಡುವೆ ಇರುವ ವ್ಯತ್ಯಾಸ ನಿಮ್ಮ ಕಿವಿಗೆ ಹುಟ್ಟಿನಿಂದ ಗೊತ್ತು. ಆ ಕಿವಿಯನ್ನೇ ಇಂಗ್ಲಿಷ್ ಕಡೆ ತಿರುಗಿಸಬೇಕು, ಅಷ್ಟೇ ಕೆಲಸ.

ಹಾಗಾದರೆ ಸ್ಕೂಲಿನಲ್ಲಿ ಇದನ್ನು ಯಾಕೆ ಹೇಳಿಕೊಡಲಿಲ್ಲ? ಅಲ್ಲಿ ಒಂದು ತಮಾಷೆ ಇದೆ. ಪೋಸ್ಟ್‌ಪೋನ್ ಅನ್ನೋ ಪದ ನಿಮಗೆ ಗೊತ್ತಿತ್ತು ಅಲ್ವಾ? ಖಂಡಿತ ಗೊತ್ತಿರುತ್ತದೆ, ಪರೀಕ್ಷೆ ಪೋಸ್ಟ್‌ಪೋನ್ ಆಗದ ವರ್ಷ ಉಂಟೇ. ಟಾಲರೇಟ್ ಗೊತ್ತು, ಪುಟ್ ಅಪ್ ವಿತ್ ಗೊತ್ತಿಲ್ಲ. ಇನ್ವೆಸ್ಟಿಗೇಟ್ ಗೊತ್ತು, ಲುಕ್ ಇಂಟು ಗೊತ್ತಿಲ್ಲ. ಕಷ್ಟದ್ದು ಗೊತ್ತು, ಸುಲಭದ್ದು ಗೊತ್ತಿಲ್ಲ. ಇದಕ್ಕೆ ಕಾರಣ ಹಳೆಯದು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಎಷ್ಟೋ ತಲೆಮಾರು ಅರಮನೆ, ಕೋರ್ಟು, ಕಚೇರಿಗಳಲ್ಲಿ ಫ್ರೆಂಚ್ ನಡೆಯಿತು, ಚರ್ಚು ಮತ್ತು ಪಾಠಶಾಲೆಯಲ್ಲಿ ಲ್ಯಾಟಿನ್. ಹೊಲ, ಅಡುಗೆಮನೆ, ಸಂತೆಯಲ್ಲಿ ಮಾತ್ರ ಇಂಗ್ಲಿಷ್. ಕೋರ್ಟಿನ ವಾದ ಇಂಗ್ಲಿಷ್‌ನಲ್ಲೇ ನಡೆಯಲಿ ಅಂತ 1362ರಲ್ಲಿ ಒಂದು ಕಾನೂನನ್ನೇ ತರಬೇಕಾಯಿತು, ಆ ಕಾನೂನನ್ನೂ ಅವರು ಬರೆದದ್ದು ಫ್ರೆಂಚ್‌ನಲ್ಲಿ. ಕನ್ನಡ ಬಳಸಿ ಅಂತ ಇಂಗ್ಲಿಷ್‌ನಲ್ಲಿ ಸುತ್ತೋಲೆ ಕಳಿಸಿದ ಹಾಗೆ. ಹೀಗಾಗಿ ಆ ಭಾಷೆಯಲ್ಲಿ ಇವತ್ತಿಗೂ ಎರಡು ಪದರ. ಮೇಲೆ ಲ್ಯಾಟಿನ್, ಫ್ರೆಂಚ್ ಮೂಲದ ಗಂಭೀರ ಪದಗಳು. ಕೆಳಗೆ ಪುಟ್, ಗೆಟ್, ಗೋ, ಲುಕ್ ಅನ್ನುವ ಮನೆಮಾತಿನ ಪದಗಳು. ಪೋಸ್ಟ್‌ಪೋನ್ ಕೂಡ ಲ್ಯಾಟಿನ್‌ನಲ್ಲಿ ‘ಆಮೇಲಕ್ಕೆ ಇಡು’ ಅಂತಲೇ. ಅಲ್ಲೂ ಅದೇ ಮುಂದಕ್ಕೆ ಹಾಕು, ಕೋಟು ಹಾಕಿಕೊಂಡು ಬಂದಿದೆ.

ನಾವು ಕಲಿತದ್ದು ಪಠ್ಯಪುಸ್ತಕದಿಂದ, ಹಾಗಾಗಿ ಮೇಲಿನ ಪದರವೇ ಸಿಕ್ಕಿತು. ಅದರ ಫಲ ಏನಪ್ಪಾ ಅಂದರೆ, ನಾವು ಇಂಗ್ಲಿಷ್ ಮಾತಾಡಿದರೆ ದರ್ಶಿನಿ ಕೌಂಟರ್‌ನಲ್ಲಿ ನಿಂತು ‘ಮಹನೀಯರೇ, ಒಂದು ಲೋಟ ಕಾಫಿಯನ್ನು ದಯಪಾಲಿಸಿ’ ಅಂದ ಹಾಗೆ ಕೇಳಿಸುತ್ತದೆ. ತಪ್ಪಿಲ್ಲ. ಕಾಫಿಯೂ ಸಿಗುತ್ತದೆ. ಆದರೆ ಕೌಂಟರಿನವನು ಒಮ್ಮೆ ತಲೆಯೆತ್ತಿ ನೋಡುತ್ತಾನೆ.

ಇದರಲ್ಲೇ ನಿಮಗೊಂದು ದಾರಿಯೂ ಇದೆ. ಹೊಸದಾಗಿ ಕಲಿಯಬೇಡಿ, ಗೊತ್ತಿರುವ ಪದಕ್ಕೆ ಜೋಡಿ ಹುಡುಕಿ. ನಿಮ್ಮ ಆಫೀಸಿನ ಮೇಲ್‌ಬಾಕ್ಸ್ ತೆರೆಯಿರಿ. ಮ್ಯಾನೇಜರ್ ಕಳಿಸಿದ ಮೇಲ್‌ಗಳನ್ನು ಓದುತ್ತಾ ಹೋಗಿ, ಎಲ್ಲೆಲ್ಲಿ ಅಪ್, ಔಟ್, ಆನ್, ಆಫ್, ಇನ್, ಬ್ಯಾಕ್, ಥ್ರೂ ಕ್ರಿಯಾಪದಕ್ಕೆ ಅಂಟಿಕೊಂಡಿದೆಯೋ ಆ ವಾಕ್ಯವನ್ನು ಪೂರ್ತಿ, ಹಾಗೇ, ಒಂದು ನೋಟ್‌ಬುಕ್‌ಗೆ ಇಳಿಸಿ. ನಾನು ಎಷ್ಟೋ ಜನರ ಕೈಲಿ ಇದನ್ನು ಮಾಡಿಸಿದ್ದೇನೆ, ಎಲ್ಲರಿಗೂ ಒಂದೇ ಆಶ್ಚರ್ಯ. ಎರಡು ವಾರದಲ್ಲಿ ಹೊಸದು ಬರೋದೇ ನಿಂತುಹೋಗುತ್ತದೆ! ಫಾಲೋ ಅಪ್, ಗೆಟ್ ಬ್ಯಾಕ್, ಗೋ ಥ್ರೂ, ಲುಕ್ ಇಂಟು, ಸೆಟ್ ಅಪ್, ಸೈನ್ ಆಫ್, ವ್ರ್ಯಾಪ್ ಅಪ್, ಕ್ಯಾರಿ ಓವರ್, ಪಾಯಿಂಟ್ ಔಟ್... ಸುತ್ತಿ ಸುತ್ತಿ ಅವೇ. ನಿಮ್ಮದು ಅಕೌಂಟ್ಸ್, ಹಾಗಾಗಿ ರೈಟ್ ಆಫ್ ಕೂಡ ಬರಬಹುದು. ವಸೂಲಾಗದ ಸಾಲವನ್ನು ಲೆಕ್ಕದಿಂದ ತೆಗೆದುಹಾಕೋದು. ಇಲ್ಲೂ ಆಫ್ ಅಂದರೆ ಬೇರೆ ಮಾಡೋದೇ. ಸಾವಿರದ ಪುಸ್ತಕದಲ್ಲಿ ನಿಮಗೆ ಈ ವರ್ಷ ಬೇಕಾಗಿರೋದು ಮೂವತ್ತೋ ನಲವತ್ತೋ, ಅವು ಯಾವುವು ಅಂತ ಪುಸ್ತಕಕ್ಕೆ ಗೊತ್ತಿಲ್ಲ, ನಿಮ್ಮ ಮೇಲ್‌ಬಾಕ್ಸ್‌ಗೆ ಗೊತ್ತು.

ಬರೆದ ಮೇಲೆ ಪಕ್ಕದಲ್ಲಿ ನಿಮ್ಮದೇ ಬದುಕಿನ ಒಂದು ವಾಕ್ಯ ಬರೆಯಿರಿ. ಸತ್ಯವಾದ ವಾಕ್ಯ. ‘ಐ ಪುಟ್ ಆಫ್ ಮೈ ಡೆಂಟಿಸ್ಟ್ ವಿಸಿಟ್ ಅಗೈನ್.’ ‘ವಿ ರ‍್ಯಾನ್ ಔಟ್ ಆಫ್ ಗ್ಯಾಸ್ ಆನ್ ಹಬ್ಬ ಡೇ.’ ಹಬ್ಬ ಅಂತ ಕನ್ನಡದಲ್ಲೇ ಇರಲಿ ಬಿಡಿ, ಯಾರು ನೋಡುತ್ತಾರೆ. ಪಾಯಸ ಅರ್ಧ ಬೆಂದಾಗ ಸಿಲಿಂಡರ್ ಖಾಲಿಯಾದವರಿಗೆ ‘ರನ್ ಔಟ್ ಆಫ್’ ಮರೆಯುವುದಿಲ್ಲ. ಇನ್ನೊಂದು ಎಚ್ಚರಿಕೆ: ಪುಟ್‌ನ ಎಲ್ಲಾ ಮಕ್ಕಳನ್ನೂ ಒಂದೇ ದಿನ ಮನೆಗೆ ಕರೆಯಬೇಡಿ. ಪುಟ್ ಆಫ್, ಪುಟ್ ಆನ್, ಪುಟ್ ಔಟ್, ಪುಟ್ ಅಪ್, ಪುಟ್ ಡೌನ್ ಒಟ್ಟಿಗೆ ಕಲಿತರೆ ಅವಳಿ ಜವಳಿಗಳ ಹಾಗೆ ಒಂದರ ಮುಖ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ನಿಮ್ಮ ಪುಸ್ತಕ ಮಾಡಿರುವುದು ಅದನ್ನೇ ಅಂತ ನನ್ನ ಊಹೆ.

ಈ ಅಂಟಿಕೊಳ್ಳುವ ಕಾಟ ನನಗೂ ಚೆನ್ನಾಗಿ ಗೊತ್ತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕೆಲವು ತಿಂಗಳು ನಾನು ಕಾಲ್ ಸೆಂಟರಿನ ನೈಟ್ ಶಿಫ್ಟ್ ಮಾಡಿದ್ದೆ. ಮೊದಲ ವಾರ. ಆ ಕಡೆಯಿಂದ ಒಬ್ಬ ಹೆಂಗಸು, ಏನೋ ನಂಬರ್ ಹುಡುಕುತ್ತಾ, ‘ಹ್ಯಾಂಗ್ ಆನ್’ ಅಂದರು. ನನಗೆ ಗೊತ್ತಿದ್ದದ್ದು ಹ್ಯಾಂಗ್ ಅಪ್, ಅಂದರೆ ಫೋನ್ ಇಡು. ಇಟ್ಟುಬಿಟ್ಟೆ. ಅವರು ಮತ್ತೆ ಫೋನ್ ಮಾಡಿದರು, ವಿಧಿಯಾಟ, ಅದು ನನಗೇ ಬಂತು, ಮತ್ತೆ ‘ಹ್ಯಾಂಗ್ ಆನ್’ ಅಂದರು, ನಾನು ಮತ್ತೆ ಇಟ್ಟೆ. ಬೆಳಗಿನ ಜಾವ ಟೀಮ್ ಲೀಡರ್ ಕರೆದು ಕೂರಿಸಿ ವಿವರಿಸಿದರು: ಹ್ಯಾಂಗ್ ಆನ್ ಅಂದರೆ ಸ್ವಲ್ಪ ತಡಿ. ಆವತ್ತಿನಿಂದ ಮರೆತಿಲ್ಲ. ಆಮೇಲೆ ಕುತೂಹಲಕ್ಕೆ ಹುಡುಕಿದಾಗ ಹ್ಯಾಂಗ್ ಅಪ್ ಯಾಕೆ ಹಾಗೆ ಅಂತಲೂ ತಿಳಿಯಿತು. ಹಿಂದೆ ಗೋಡೆಯ ಫೋನಿನಲ್ಲಿ ಕಿವಿಗೆ ಹಿಡಿಯುವ ಭಾಗವನ್ನು ಮಾತು ಮುಗಿದ ಮೇಲೆ ಒಂದು ಕೊಕ್ಕೆಗೆ ನೇತುಹಾಕುತ್ತಿದ್ದರು. ಕೊಕ್ಕೆ ಹೋಯಿತು, ಗೋಡೆ ಹೋಯಿತು, ಮಾತು ಉಳಿಯಿತು. ನೀವು ದಿನಾ ಮಾಡುವ ಲಾಗಿನ್ ಕೂಡ ಹಾಗೇ. ಹಡಗಿನ ವೇಗ ಅಳೆಯಲು ಹಗ್ಗ ಕಟ್ಟಿ ನೀರಿಗೆ ಎಸೆಯುತ್ತಿದ್ದ ಮರದ ತುಂಡಿಗೆ ಲಾಗ್ ಅಂತ ಹೆಸರು. ಅದನ್ನು ಬರೆದಿಡುವ ಪುಸ್ತಕ ಲಾಗ್‌ಬುಕ್. ಆ ಪುಸ್ತಕದಲ್ಲಿ ದಾಖಲಾಗೋದೇ ಕೊನೆಗೆ ಎಲೆಕ್ಟ್ರಾನಿಕ್ ಸಿಟಿಗೆ ಬಂದು ಲಾಗಿನ್ ಆಯಿತು.

ಲಾಗಿನ್ ಅಂದಾಗ ನೆನಪಾಯಿತು. ಪುಟ್ ಆಫ್ ಥರ ಕ್ರಿಯಾಪದಕ್ಕೆ ಸಣ್ಣ ಪದ ಅಂಟಿದ ಜೋಡಿಗೆ ಫ್ರೇಸಲ್ ವರ್ಬ್ ಅಂತಾರೆ. ಈ ಊರಿನ ಕನ್ನಡದಲ್ಲೇ ಅಂಥವು ಎಷ್ಟು ಓಡಾಡುತ್ತಿವೆ ಗೊತ್ತಾ? ಕ್ಯಾಬ್‌ನವನು ಪಿಕಪ್ ಮಾಡುತ್ತಾನೆ. ಫೋನ್ ಬ್ಯಾಕಪ್ ಮಾಡುತ್ತೀವಿ. ಬಸ್ ಬ್ರೇಕ್‌ಡೌನ್ ಆಗುತ್ತದೆ, ಅದೂ ಫ್ಲೈಓವರ್ ಮೇಲೆ. ಗಾಂಧಿನಗರದಲ್ಲಿ ಕಟೌಟ್ ಏಳುತ್ತದೆ. ಮನೆ ಮಾಡಿರೋದು ಬಿಟಿಎಂ ಲೇಔಟ್‌ನಲ್ಲೋ ಎಚ್‌ಎಸ್‌ಆರ್ ಲೇಔಟ್‌ನಲ್ಲೋ. ನಿವೇಶನಗಳನ್ನು ಸಾಲಾಗಿ ಹರಡಿ ಜೋಡಿಸೋದು ಲೇ ಔಟ್, ಹಾಗೆ ಜೋಡಿಸಿದ ಜಾಗ ಲೇಔಟ್. ಇಷ್ಟೆಲ್ಲ ನಿಮ್ಮ ಬಾಯಲ್ಲಿದೆ, ಆದರೆ ನಾಮಪದವಾಗಿ ಇದೆ. ಕನ್ನಡ ಇವನ್ನು ಗಟ್ಟಿ ಉಂಡೆ ಮಾಡಿ ಹಿಂದೆ ‘ಮಾಡು’, ‘ಆಗು’ ಸೇರಿಸುತ್ತದೆ. ಅದೇ ಉಂಡೆಯನ್ನು ಇಂಗ್ಲಿಷ್ ವಾಕ್ಯಕ್ಕೆ ಎತ್ತಿ ಹಾಕಿದರೆ ‘ಹಿ ಪಿಕಪ್ ಮಿ ಅಟ್ ನೈನ್’ ಅಂತ ಆಗುತ್ತದೆ. ಉಂಡೆ ಒಡೆಯಬೇಕು. ‘ಹಿ ಪಿಕ್ಡ್ ಮಿ ಅಪ್ ಅಟ್ ನೈನ್.’ ಕಾಲ ಬದಲಾಗೋದು ಪಿಕ್‌ನಲ್ಲಿ, ಅಪ್ ಅಲುಗಾಡುವುದಿಲ್ಲ. ಹೇಳುವಾಗ ಒತ್ತು ಎಲ್ಲಿ ಬೀಳುತ್ತದೆ ಅಂತಲೂ ಗಮನಿಸಿ. ಪಿಕಪ್ ಅಂತ ವಸ್ತುವಿನ ಹೆಸರಾದಾಗ ಮೊದಲ ಭಾಗಕ್ಕೆ ಒತ್ತು. ಪಿಕ್ ಮಿ ಅಪ್ ಅಂತ ಕೆಲಸ ಹೇಳುವಾಗ ಕೊನೆಯ ಅಪ್‌ಗೆ ಒತ್ತು. ನಾವು ಕನ್ನಡಿಗರು ಆ ಅಪ್ಪನ್ನು ನುಂಗಿಬಿಡುತ್ತೇವೆ, ಕೇಳುವವರಿಗೆ ಬರೀ ಪಿಕ್ ಕೇಳಿಸಿ ಗೊಂದಲವಾಗುತ್ತದೆ.

ಈ ‘ಮಿ’ ಮಧ್ಯೆ ಯಾಕೆ ಬಂತು? ಮಿ, ಇಟ್, ದೆಮ್ ಥರದ ಪುಟ್ಟ ಸರ್ವನಾಮ ಬಂದರೆ ಅದಕ್ಕೆ ಸೀಟು ನಡುವೆಯೇ. ಟರ್ನ್ ಇಟ್ ಆಫ್ ಸರಿ, ಟರ್ನ್ ಆಫ್ ಇಟ್ ತಪ್ಪು. ಫ್ಯಾನ್ ಅಂತ ಪೂರ್ತಿ ಹೆಸರು ಹೇಳಿದರೆ ಮಧ್ಯೆಯೂ ಕೂರಬಹುದು, ಕೊನೆಗೂ ಕೂರಬಹುದು. ಆದರೆ ಕೆಲವು ಜೋಡಿಗಳು ಮಧ್ಯೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಲುಕ್ ಆಫ್ಟರ್ ಹಿಮ್ ಅನ್ನಬೇಕು, ಲುಕ್ ಹಿಮ್ ಆಫ್ಟರ್ ಅನ್ನುವಂತಿಲ್ಲ. ಯಾವುದು ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆಕ್ಸ್‌ಫರ್ಡ್, ಲಾಂಗ್‌ಮನ್‌ನವರು ಕಲಿಯುವವರಿಗಾಗಿ ಮಾಡಿದ ನಿಘಂಟುಗಳಿವೆ, ಫೋನಿನಲ್ಲೇ ಪುಕ್ಕಟೆ ನೋಡಬಹುದು. ಅವುಗಳಲ್ಲಿ ಜೋಡಿಯ ಮಧ್ಯೆ ಎರಡೂ ಕಡೆ ಮೂತಿ ಇರುವ ಒಂದು ಬಾಣದ ಗುರುತು ಇದ್ದರೆ ಬಿಡಿಸಬಹುದು ಅಂತ ಅರ್ಥ. ಆ ಬಾಣ ನೋಡೋದನ್ನು ಯಾರೂ ಹೇಳಿಕೊಡೋದಿಲ್ಲ, ಅದೊಂದೇ ಎಷ್ಟೋ ತಲೆನೋವು ಉಳಿಸುತ್ತದೆ.

ಕನ್ನಡದ ನೆರಳು ಬೀಳುವ ಇನ್ನೊಂದು ಜಾಗ ಬಸ್ಸು. ನಾವು ಹತ್ತುತ್ತೇವೆ, ಇಳಿಯುತ್ತೇವೆ. ಹಾಗಾಗಿ ‘ಐ ವಿಲ್ ಗೆಟ್ ಡೌನ್ ಅಟ್ ಮಡಿವಾಳ’ ಅಂತೀವಿ, ಇಡೀ ಭಾರತ ಹಾಗೇ ಅನ್ನುತ್ತೆ, ಕಂಡಕ್ಟರಿಗೂ ಅರ್ಥ ಆಗುತ್ತೆ. ಹೊರಗಿನವರ ಜೊತೆ ಮಾತಾಡುವಾಗ ಮಾತ್ರ ಗೆಟ್ ಆಫ್ ಅನ್ನಿ. ಬಸ್ಸು, ಮೆಟ್ರೋ, ವಿಮಾನಕ್ಕೆ ಗೆಟ್ ಆನ್, ಗೆಟ್ ಆಫ್. ಕಾರಿಗೆ ಗೆಟ್ ಇನ್, ಗೆಟ್ ಔಟ್. ಒಳಗೆ ಎದ್ದು ನಿಂತು ಓಡಾಡುವಷ್ಟು ಜಾಗ ಇದ್ದರೆ ಆನ್, ಬಗ್ಗಿ ತೂರಿಕೊಂಡು ಕೂರಬೇಕಾದರೆ ಇನ್ ಅಂತ ನಾನು ಹೇಳಿಕೊಡುತ್ತೇನೆ. ಬೈಕಿಗೆ ಮಾತ್ರ ಆನ್, ಅದರ ಮೇಲೆ ತಾನೇ ಕೂರೋದು. ಬೆಳಿಗ್ಗೆ ಎಂಟೂವರೆಗೆ ಸಿಲ್ಕ್ ಬೋರ್ಡ್ ಕಡೆಯ ಬಸ್ಸಿನಲ್ಲಿ ಓಡಾಡುವಷ್ಟು ಜಾಗ ಎಲ್ಲಿದೆ ಸರ್ ಅಂತ ಒಬ್ಬ ಕೇಳಿದ್ದ. ಸರಿಯಾದ ಪ್ರಶ್ನೆಯೇ.

ಈಗ ಇಡಿಯಮ್‌ಗಳು. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಡುಸು. ಫ್ರೇಸಲ್ ವರ್ಬ್ ಬಾಯಿಗೆ ಬೇಕು, ಇಡಿಯಮ್ ಕಿವಿಗೆ ಸಾಕು. ಯಾರಾದರೂ ಅಂದಾಗ ಅರ್ಥವಾಗಬೇಕು, ನೀವೇ ಪೋಣಿಸಿ ಪೋಣಿಸಿ ಆಡಬೇಕಾಗಿಲ್ಲ. ‘ಇಟ್ಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ನಮ್ಮ ಎಲ್ಲಾ ಗೈಡ್‌ಗಳಲ್ಲೂ ಮೊದಲ ಪುಟದಲ್ಲಿದೆ, ನಿಜವಾಗಿ ಮಳೆ ಬರುವಾಗ ಹಾಗೆ ಅನ್ನುವವರು ಕಡಿಮೆ, ‘ಇಟ್ಸ್ ಪೋರಿಂಗ್’ ಅನ್ನುತ್ತಾರೆ. ಅದರ ಹುಟ್ಟಿನ ಬಗ್ಗೆ ವಾಟ್ಸಾಪ್‌ನಲ್ಲಿ ಬರುವ ಕತೆ, ಹುಲ್ಲು ಮಾಡಿನಿಂದ ಬೆಕ್ಕು ನಾಯಿ ಜಾರಿ ಬೀಳುತ್ತಿದ್ದವು ಅನ್ನೋದು, ಕಟ್ಟುಕತೆ. ಇನ್ನು ಕೆಲವನ್ನು ನೀವು ಕಲಿಯಲೇಬೇಕಾಗಿಲ್ಲ, ಕನ್ನ​ಡದಲ್ಲೇ ಇವೆ. ಮೊಸಳೆ ಕಣ್ಣೀರು, ತಣ್ಣೀರೆರಚು, ಮೂಗು ತೂರಿಸು, ಕೈ ತೊಳೆದುಕೊ. ಪದಕ್ಕೆ ಪದ ಇಂಗ್ಲಿಷ್ ಮಾಡಿದರೂ ನಡೆಯುತ್ತದೆ. ಸಿಟ್ ಆನ್ ದಿ ಫೆನ್ಸ್ ಅಂದರೆ ಬೇಲಿ ಮೇಲೆ ಕೂರೋದು. ನಾವು ಅದೇ ಜಾಗಕ್ಕೆ ಅಡ್ಡಗೋಡೆ ಮೇಲೆ ದೀಪ ಇಡುತ್ತೇವೆ.

ಕಿವಿ ತೆರೆದಿಡಬೇಕಾದದ್ದು ಆಟದ ಮೈದಾನದಿಂದ ಬಂದ ಇಡಿಯಮ್‌ಗಳಿಗೆ. ಬ್ರಿಟಿಷರ ಮಾತಿನಲ್ಲಿ ಕ್ರಿಕೆಟ್ ತುಂಬಿದೆ, ಅದು ನಮಗೆ ಸಲೀಸು. ಆನ್ ದಿ ಬ್ಯಾಕ್ ಫುಟ್ ಅಂದರೆ ರಕ್ಷಣೆಗೆ ಇಳಿದಿದ್ದಾನೆ. ಚಿನ್ನಸ್ವಾಮಿಯಲ್ಲಿ ಒಂದು ಮ್ಯಾಚ್ ನೋಡಿದವರಿಗೆ ವಿವರಣೆ ಬೇಡ. ಅಮೆರಿಕದವರದು ಬೇಸ್‌ಬಾಲ್. ಟಚ್ ಬೇಸ್ ಅಂದರೆ ಒಮ್ಮೆ ಮಾತಾಡಿಕೊಳ್ಳೋಣ, ಕರ್ವ್‌ಬಾಲ್ ಅಂದರೆ ನಿರೀಕ್ಷೆ ಮಾಡದ ತೊಡಕು. ಬಾಲ್‌ಪಾರ್ಕ್ ಫಿಗರ್ ಅಂದರೆ ಅಂದಾಜು ಲೆಕ್ಕ. ನನ್ನ ಒಬ್ಬ ವಿದ್ಯಾರ್ಥಿಗೆ ಅಮೆರಿಕದ ಕ್ಲೈಂಟ್ ಈ ಬಾಲ್‌ಪಾರ್ಕ್ ಕೇಳಿದಾಗ ಅವನಿಗೆ ಹೊಳೆದದ್ದು ಕಬ್ಬನ್ ಪಾರ್ಕಿನ ಬಾಲಭವನ. ಪುಟಾಣಿ ರೈಲಿಗೂ ನಮ್ಮ ಪ್ರಾಜೆಕ್ಟಿಗೂ ಏನು ಸಂಬಂಧ ಅಂತ ಐದು ನಿಮಿಷ ಒದ್ದಾಡಿದೆ ಸರ್ ಅಂದ. ಇವೆಲ್ಲ ನಿಮ್ಮ ವಿಭಾಗಕ್ಕೆ ಬರುತ್ತವೆ, ಬಾಲ್‌ಪಾರ್ಕ್ ಅಂತೂ ಖಂಡಿತ ಬರುತ್ತದೆ.

ಒಂದನ್ನು ಮಾತ್ರ ಹುಷಾರಾಗಿ ಕೇಳಿಸಿಕೊಳ್ಳಿ. ‘ಲೆಟ್ಸ್ ಟೇಬಲ್ ದಿಸ್.’ ಲಂಡನ್ನಿನವರು ಅಂದರೆ ಈಗಲೇ ಚರ್ಚೆಗೆ ತಗೊಳ್ಳೋಣ ಅಂತ. ಅಮೆರಿಕದವರು ಅಂದರೆ ಸದ್ಯಕ್ಕೆ ಪಕ್ಕಕ್ಕಿಡೋಣ ಅಂತ. ಎರಡನೇ ಮಹಾಯುದ್ಧದಲ್ಲಿ ಎರಡೂ ದೇಶದ ಸೇನಾಧಿಕಾರಿಗಳು ಇದೊಂದು ಪದದ ಮೇಲೆ ಕಿತ್ತಾಡಿ, ಬಹಳ ಹೊತ್ತಿನ ಮೇಲೆ ಇಬ್ಬರೂ ಒಂದೇ ಮಾತು ಹೇಳುತ್ತಿದ್ದೇವೆ ಅಂತ ಗೊತ್ತಾಯಿತು ಅಂತ ಚರ್ಚಿಲ್ ಬರೆದಿದ್ದಾರೆ. ಅವರಿಗೇ ಹೀಗಾಗಿದೆ. ಅರ್ಥ ಆಗದಿದ್ದರೆ ‘ಡು ಯು ಮೀನ್ ನೌ ಆರ್ ಲೇಟರ್?’ ಅಂತ ಕೇಳಿಬಿಡಿ. ಪ್ರೊಜೆಕ್ಟರ್ ಕಡೆ ಕೈ ಹೋಗುವ ಮುಂಚೆ ಕೇಳಿ.

ಇನ್ನು ನಿಮ್ಮ ಪಾಸ್ ಔಟ್. ನಮ್ಮ ದೇಶದಲ್ಲಿ ಅದಕ್ಕೆ ಓದು ಮುಗಿಸಿ ಹೊರಬಂದೆ ಅಂತ ಅರ್ಥ, ಎಲ್ಲಾ ಕಾಲೇಜಿನಲ್ಲೂ ಅನ್ನುತ್ತಾರೆ, ಇಲ್ಲಿಯ ಇಂಗ್ಲಿಷ್‌ಗೆ ಅದು ತಪ್ಪಲ್ಲ. ಬ್ರಿಟನ್ನಿನಲ್ಲೂ ಸೈನ್ಯದ ತರಬೇತಿ ಮುಗಿಸಿದವರಿಗೆ ಪಾಸಿಂಗ್ ಔಟ್ ಪರೇಡ್ ಇದೆ. ಆದರೆ ಸಾಮಾನ್ಯ ಮಾತಿನಲ್ಲಿ ಅವರಿಗೆ ಪಾಸ್ ಔಟ್ ಅಂದರೆ ಎಚ್ಚರ ತಪ್ಪಿ ಬೀಳೋದು, ಜಾಸ್ತಿ ಕುಡಿದಾಗ ಆಗುವ ಹಾಗೆ. ನಿಮ್ಮ ಪ್ರೊಫೈಲ್ ಓದಿ ಆ ಲಂಡನ್ನಿನವರಿಗೆ ಕಂಡದ್ದು 2021ರಲ್ಲಿ ಬಿದ್ದವಳು ಯಾವಾಗ ಎದ್ದಳೋ ಅನ್ನುವ ಚಿತ್ರ. ‘ಐ ಗ್ರ್ಯಾಜುಯೇಟೆಡ್ ಇನ್ 2021’ ಅಂತ ಬದಲಾಯಿಸಿ, ಸಾಕು. ಅದು ಲ್ಯಾಟಿನ್ ಪದರದ ಪದವೇ, ಇಲ್ಲಿ ಕೋಟು ಹಾಕಿಕೊಂಡದ್ದೇ ಚೆನ್ನ. ಹಾಗೇ ಮೇಲ್‌ನಲ್ಲಿ ‘ಐ ವಿಲ್ ರಿವರ್ಟ್’ ಅಂತ ಬರೆಯುವ ಅಭ್ಯಾಸ ಇದ್ದರೆ, ಹೊರದೇಶದವರಿಗೆ ಕಳಿಸುವಾಗ ‘ಐ ವಿಲ್ ಗೆಟ್ ಬ್ಯಾಕ್ ಟು ಯು’ ಅನ್ನಿ. ನೋಟ್‌ಬುಕ್ಕಿಗೆ ಮೊದಲ ವಾಕ್ಯ ಅದೇ ಆಗಲಿ.